ಗ್ರೀನಿಚ್ ಗುಡ್ಡದ ಸೊನ್ನೆಯ ಗೆರೆ

ಲಂಡನ್ನಿನ ಆಗ್ನೇಯ ಭಾಗದಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕೆ, ಹಸುರು ಹೊದ್ದ ಗುಡ್ಡವೊಂದಿದೆ. ಅದರ ನೆತ್ತಿಯ ಮೇಲಿರುವುದು ಅರಸ ಎರಡನೆಯ ಚಾರ್ಲ್ಸನು 1675ರಲ್ಲಿ ಸ್ಥಾಪಿಸಿದ ಗ್ರೀನಿಚ್ ವೀಕ್ಷಣಾಲಯ. ನಡುಗಡಲಿನ ಹಡಗು ತನ್ನ ನೆಲೆಯನ್ನರಿಯಲು ನಕ್ಷತ್ರಗಳ ನಿಖರ ಸ್ಥಾನಗಳು ಬೇಕಾಗಿದ್ದವು. ಅದಕ್ಕಾಗಿಯೇ ಈ ಮನೆ ಎದ್ದಿತು. ಇಂದು ಅದು ವಸ್ತುಸಂಗ್ರಹಾಲಯ. ಅಂಗಳದ ನೆಲದಲ್ಲಿ ಲೋಹದ ಪಟ್ಟಿಯೊಂದನ್ನು ಹುದುಗಿಸಿದ್ದಾರೆ. ಪ್ರವಾಸಿಗರು ಸರದಿಯಲ್ಲಿ ನಿಂತು, ಒಂದು ಕಾಲನ್ನು ಅದರ ಈಚೆಗೂ ಇನ್ನೊಂದನ್ನು ಆಚೆಗೂ ಊರಿ, ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಒಂದು ಪಾದ ಪೂರ್ವಗೋಳಾರ್ಧದಲ್ಲಿ, ಮತ್ತೊಂದು ಪಶ್ಚಿಮಗೋಳಾರ್ಧದಲ್ಲಿ!

ಆದರೆ ಅವರ ಕೈಯಲ್ಲಿರುವ ಫೋನು ಬೇರೆಯೇ ಮಾತನ್ನು ಹೇಳುತ್ತದೆ. ಅದರ ಪ್ರಕಾರ ಸೊನ್ನೆ ರೇಖಾಂಶವಿರುವುದು ಪಟ್ಟಿಯಿಂದ ಪೂರ್ವಕ್ಕೆ 102 ಮೀಟರ್ ದೂರದಲ್ಲಿ, ಉದ್ಯಾನದ ಹುಲ್ಲಿನ ನಡುವೆ. ಹಾಗಾದರೆ ತಪ್ಪು ಯಾರದು?

ಪಟ್ಟಿಯ ಗೆರೆಯನ್ನು ಗೊತ್ತುಮಾಡಿದವನು ರಾಜಖಗೋಳಜ್ಞ ಜಾರ್ಜ್ ಏರಿ. 1851ರಲ್ಲಿ ಅವನ ದೂರದರ್ಶಕ ಕೆಲಸಕ್ಕೆ ತೊಡಗಿತು; 1884ರ ವಾಷಿಂಗ್ಟನ್ ಸಮ್ಮೇಳನವು ಅದರ ಗೆರೆಯನ್ನೇ ಜಗತ್ತಿನ ಸೊನ್ನೆಯೆಂದು ಅಂಗೀಕರಿಸಿತು. ದೂರದರ್ಶಕದ ನೆಟ್ಟನೆಯ ನಿಲವನ್ನು ಪಾದರಸದ ಮೇಲ್ಮೈಯಿಂದ ತಿಳಿಯುತ್ತಿದ್ದರು. ಪಾದರಸವಾದರೋ ಆ ಸ್ಥಳದ ಗುರುತ್ವಕ್ಕೆ ಮಣಿಯುವಂಥದು. ಭೂಗರ್ಭದ ದ್ರವ್ಯ ಎಲ್ಲೆಡೆಯೂ ಸಮನಾಗಿಲ್ಲ. ಆದ್ದರಿಂದ ಗ್ರೀನಿಚ್ಚಿನಲ್ಲಿ ಗುಂಡು ಕಟ್ಟಿ ಇಳಿಬಿಟ್ಟ ದಾರ ಭೂಮಿಯ ಅಕ್ಷದತ್ತ ನೇರವಾಗಿ ನಿಲ್ಲದೆ ಕೂದಲೆಳೆಯಷ್ಟು ಓರೆಯಾಗುತ್ತದೆ. ಉಪಗ್ರಹಗಳ ಅಳತೆಗೆ ಭೂಮಿಯ ಕೇಂದ್ರವೇ ಮೂಲ. ಆ ಓರೆಯೇ ನೆಲದ ಮೇಲೆ 102 ಮೀಟರಾಯಿತು. ಎರಡು ಗೆರೆಗಳೂ ಆಕಾಶದಲ್ಲಿ ಒಂದೇ ದಿಕ್ಕಿಗೆ ಮುಖಮಾಡಿರುವುದರಿಂದ ಕಾಲಗಣನೆಗೆ ಮಾತ್ರ ಭಂಗ ಬರಲಿಲ್ಲ. ತಪ್ಪು ಏರಿಯದಲ್ಲ, ಫೋನಿನದೂ ಅಲ್ಲ. ಆಧಾರ ಬದಲಾಯಿತು, ಅಷ್ಟೆ.

ಆಧಾರ ಬದಲಾದುದು ನೆಲದಲ್ಲಿ ಮಾತ್ರವಲ್ಲ, ಆಕಾಶದಲ್ಲಿಯೂ ಹಾಗೆಯೇ. ಏರಿ ನಂಬಿದ್ದ ನಕ್ಷತ್ರಗಳೂ ಮೆಲ್ಲಮೆಲ್ಲನೆ ಸರಿಯುತ್ತವೆ. ಅದಕ್ಕಾಗಿ 1998ರಿಂದ ಆಕಾಶದ ಅಳತೆಗೆ ಅತಿ ದೂರದ ಕ್ವೇಸಾರುಗಳನ್ನು ಗೂಟಗಳಾಗಿ ಇಟ್ಟುಕೊಂಡಿದ್ದಾರೆ. 2019ರಲ್ಲಿ ಬಳಕೆಗೆ ಬಂದ ಚೌಕಟ್ಟಿನಲ್ಲಿ ಅಂಥ ಗೂಟಗಳು 303.

ಗೂಟ ಸ್ಥಿರವಾದರೂ ಅಲ್ಲಿಂದ ಬರುವ ಬೆಳಕು ನೇರವಾಗಿ ಬರಬೇಕಲ್ಲ! ಈ ಸಂಶಯಕ್ಕೂ ಗ್ರೀನಿಚ್ಚಿಗೂ ನಂಟುಂಟು. ಸೂರ್ಯನ ಅಂಚನ್ನು ಸವರಿ ಬರುವ ಬೆಳಕು 1.75 ವಿಕಲೆ ಬಾಗುವುದೆಂದು ಐನ್‌ಸ್ಟೈನರ ಸಿದ್ಧಾಂತ ಹೇಳುತ್ತದೆ. ಒಂದು ಡಿಗ್ರಿಯ 3,600ನೆಯ ಒಂದು ಭಾಗವೇ ವಿಕಲೆ. 1919ರ ಮೇ 29ರ ಸೂರ್ಯಗ್ರಹಣದಲ್ಲಿ ಇದನ್ನು ಪರೀಕ್ಷಿಸಲು ಇಲ್ಲಿನ ರಾಜಖಗೋಳಜ್ಞ ಫ್ರಾಂಕ್ ಡೈಸನ್ ಏರ್ಪಾಡು ಮಾಡಿದರು. ಗ್ರೀನಿಚ್ಚಿನವರು ಬ್ರೆಜಿಲಿನ ಸೋಬ್ರಾಲಿಗೆ ಹೋದರು. ಎಡಿಂಗ್ಟನ್ನರು ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪಕ್ಕೆ ತೆರಳಿದರು. ಬೆಳಕು ಬಾಗಿದ್ದುದು ನಿಜವಾಗಿತ್ತು.

ಅಂದು ಗ್ರಹಣಕಾಲದ ಕೌತುಕವಾಗಿದ್ದುದು ಇಂದು ನಿತ್ಯದ ಲೆಕ್ಕ. ಸೂರ್ಯನಿಂದ 90 ಡಿಗ್ರಿ ದೂರದ ತಾರೆಯ ಬೆಳಕೂ ವಿಕಲೆಯ ಸಾವಿರ ಭಾಗಗಳಲ್ಲಿ ನಾಲ್ಕರಷ್ಟು ಬಾಗುತ್ತದೆ. 2014ರಿಂದ 2025ರ ಜನವರಿಯವರೆಗೆ ತಾರೆಗಳನ್ನಳೆದ ಯುರೋಪಿನ ಗಾಯಾ ನೌಕೆಯ ನೋಟ, ಪ್ರಕಾಶಮಾನ ತಾರೆಗಳ ವಿಷಯದಲ್ಲಿ, ಇದಕ್ಕಿಂತ ನೂರು ಪಾಲು ಸೂಕ್ಷ್ಮ. ಅದಕ್ಕೆ ಇಡೀ ಆಕಾಶವೇ ಬಾಗಿದ ಗಾಜಿನಂತೆ.

ಇನ್ನು ಉಳಿದುದು ಕಾಲ. ಭಾರತದ ಗಡಿಯಾರಗಳೆಲ್ಲ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಗಡಿಯಾರದ ನಡಿಗೆಯೇ ಎಲ್ಲೆಡೆ ಒಂದಲ್ಲ. ಗುರುತ್ವ ಹೆಚ್ಚಿರುವಲ್ಲಿ ಅದು ನಿಧಾನ, ಎತ್ತರದಲ್ಲಿ ಚುರುಕು. ಅಮೆರಿಕದ ಬೆಟ್ಟದ ಸೀಮೆಯ ಬೌಲ್ಡರ್ ನಗರದ ಪರಮಾಣು ಗಡಿಯಾರ, ಗ್ರೀನಿಚ್ಚಿನ ಎತ್ತರದಲ್ಲಿಟ್ಟ ಗಡಿಯಾರಕ್ಕಿಂತ ವರ್ಷಕ್ಕೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಐದರಷ್ಟು ಮುಂದೆ ಹೋಗುತ್ತದೆ.

ಇದನ್ನೆಲ್ಲ ಒಂದು ಕಟ್ಟಿಗೆ ತರಲು 2000ದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಇಂಗ್ಲೆಂಡಿನದೇ ಆದ ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿತು. ಸಾಪೇಕ್ಷತಾ ಸಿದ್ಧಾಂತಕ್ಕೆ ಹೊಂದುವ ಎರಡು ಚೌಕಟ್ಟುಗಳ ವಿವರ ಅಲ್ಲಿ ನಿಶ್ಚಯವಾಯಿತು: ಒಂದಕ್ಕೆ ಸೌರವ್ಯೂಹದ ದ್ರವ್ಯಕೇಂದ್ರ ಮೂಲ, ಮತ್ತೊಂದಕ್ಕೆ ಭೂಮಿಯ ಕೇಂದ್ರ. ಪ್ರತಿಯೊಂದಕ್ಕೂ ತನ್ನದೇ ಕಾಲ. ಮೊದಲನೆಯದರ ಕಾಲ ಎರಡನೆಯದಕ್ಕಿಂತ ವರ್ಷಕ್ಕೆ ಹತ್ತಿರಹತ್ತಿರ ಅರ್ಧ ಸೆಕೆಂಡು ಮುಂದೋಡುತ್ತದೆ. ಯಾವುದು ನಿಜವಾದ ಕಾಲವೆಂದು ಕೇಳುವಂತಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ಸೂತ್ರ ತಿಳಿದಿದ್ದರೆ ಸಾಕು. ಗ್ರಹಯಾನದ ನೌಕೆ ದಾರಿತಪ್ಪದು.

ಇರುಳಾದೊಡನೆ ಗುಡ್ಡದಿಂದ ಹಸುರು ಲೇಸರ್ ಕಿರಣವೊಂದು ಹಳೆಯ ಗೆರೆಯ ಗುಂಟ ಉತ್ತರಕ್ಕೆ, ಥೇಮ್ಸ್ ನದಿಯ ಮೇಲೆ ಹಾಯುತ್ತದೆ. ಇಂದು ಹಡಗುಗಳು ಅದನ್ನು ನೋಡಿ ಚುಕ್ಕಾಣಿ ಹಿಡಿಯುವುದಿಲ್ಲ. ಆದರೂ ಎಲ್ಲರೂ ಒಪ್ಪಿ ಒಂದು ಗೆರೆಯನ್ನೆಳೆಯಬಹುದೆಂದು ಲೋಕಕ್ಕೆ ತೋರಿಸಿಕೊಟ್ಟ ಗೆರೆ ಅದು. ಪ್ರವಾಸಿಗರ ಸಾಲು ಅಲ್ಲಿಯೇ ಇರುವುದರಲ್ಲಿ ಆಶ್ಚರ್ಯವೇನೂ ಇಲ್ಲ.