ಹೊಟ್ಟೆಯ ಬೇನೆ ಸೊಂಟಕ್ಕಿಳಿದಾಗ

ಮೊದಲು ಕೆಟ್ಟದ್ದು ಹೊಟ್ಟೆ. ಮಲದಲ್ಲಿ ರಕ್ತ, ಲೋಳೆ. ಪಾಠದ ನಡುವೆ ಸೀಮೆಸುಣ್ಣ ಇಟ್ಟು ಓಡಬೇಕಾದ ಅವಸರ. ಆಮಶಂಕೆ ಎಂದರು, ಮೂಲವ್ಯಾಧಿ ಎಂದರು. ಕೊನೆಗೆ ಕೊಲೊನೋಸ್ಕೋಪಿ ಮಾಡಿದಾಗ ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾಯಿತು. ಮೆಸಲಮಿನ್ ಮಾತ್ರೆಗೆ ಅದು ಒಂದು ಹದಕ್ಕೆ ಬಂತು.

ಆಮೇಲೆ ಸೊಂಟ. ದಿನವಿಡೀ ನಿಂತು ಪಾಠ ಮಾಡುವವಳಿಗೆ ಸೊಂಟನೋವು ಬಾರದೆ ಇರುತ್ತದೆಯೇ ಎಂದರು ಎಲ್ಲರೂ. ಆದರೆ ನನ್ನ ನೋವಿನ ರೀತಿಯೇ ಬೇರೆ. ಮಲಗಿದಷ್ಟೂ ಹೆಚ್ಚು, ಓಡಾಡಿದರೆ ಕಡಿಮೆ. ನಸುಕಿನಲ್ಲಿ ಪೃಷ್ಠದ ಒಳಗೆಲ್ಲೋ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಕೊರೆತ ಶುರುವಾಗಿ ಎಚ್ಚರವಾಗುತ್ತಿತ್ತು. ಮಗ್ಗುಲು ಬದಲಿಸಲು ಮಂಚದ ಪಟ್ಟಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕು. ಚೊಂಬು ಎತ್ತಲೂ ಬಗ್ಗಲಾಗದ ದಿನ ಅತ್ತೆಯೇ ಬಚ್ಚಲಿಗೆ ಬಂದು ಬೆನ್ನಿಗೆ ಬಿಸಿನೀರು ಹೊಯ್ಯುತ್ತಿದ್ದರು. "ಮಲಗಬೇಡ ಕಣಮ್ಮ, ಅಂಗಳದಲ್ಲಿ ನಾಲ್ಕು ಸುತ್ತು ಹಾಕು. ನಡೆದರೆ ನಿನಗೆ ಸಡಿಲ ಆಗತ್ತೆ" ಎಂದರು. ಯಾವ ಡಾಕ್ಟರಿಗೂ ಮುಂಚೆ ಅದನ್ನು ಗಮನಿಸಿದ್ದು ಅವರು.

ಮೂಳೆ ಡಾಕ್ಟರು ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಡೈಕ್ಲೋಫೆನಾಕ್ ಬರೆದುಕೊಟ್ಟರು. ಸೊಂಟ ಹಗುರಾಯಿತು, ಕೆಲವೇ ದಿನಗಳಲ್ಲಿ ಮತ್ತೆ ರಕ್ತ. ಇಂಥ ನೋವಿನ ಮಾತ್ರೆಗಳು ಕರುಳಿನ ಉರಿಯೂತವನ್ನು ಕೆರಳಿಸಬಲ್ಲವು. ಅಲ್ಲಿ ನನ್ನ ಹೊಟ್ಟೆಯ ವಿಷಯ ಯಾರೂ ಕೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸಂಧಿವಾತ ತಜ್ಞೆಯೊಬ್ಬರು ಕೇಳಿದ ಮೊದಲ ಪ್ರಶ್ನೆಯೇ "ಬೆಳಿಗ್ಗೆ ಎಷ್ಟು ಹೊತ್ತು ಮೈ ಹಿಡಿದಿರತ್ತೆ?" ಎರಡನೆಯದು, "ಹೊಟ್ಟೆ ಹೇಗಿದೆ?" ಎಂಆರ್‌ಐಯಲ್ಲಿ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಎರಡೂ ಕೀಲುಗಳಲ್ಲಿ ಉರಿಯೂತ ಕಂಡಿತು. ಮಂಡಿ, ಕಾಲಿನ ಗಿಣ್ಣುಗಳ ಬಾವು ಹೆಚ್ಚಾಗಿ ಕರುಳಿನ ಜೊತೆಗೇ ಏರಿಳಿಯುತ್ತದಂತೆ; ಬೆನ್ನಿನದು ಹಾಗಲ್ಲ, ಹೊಟ್ಟೆ ಶಾಂತವಾಗಿದ್ದರೂ ತನ್ನ ಪಾಡಿಗೆ ಮುಂದುವರಿಯುತ್ತದೆ. ಹಾಗೇ ಬಿಟ್ಟರೆ ಮೂಳೆಗೆ ಮೂಳೆ ಬೆಸೆದುಕೊಳ್ಳಬಹುದು ಎಂದಾಗ ಕೈ ತಣ್ಣಗಾಯಿತು. ಈ ಬೆನ್ನಿನ ಉರಿಯೂತಕ್ಕೆಂದು ಮಾಡಿಸಿದ ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದಿತ್ತು. ಕರುಳಿನ ಕಾಯಿಲೆಯವರಲ್ಲಿ ಅಷ್ಟರಿಂದಲೇ ಇದನ್ನು ತಳ್ಳಿಹಾಕುವಂತಿಲ್ಲವಂತೆ.

ಈಗ ಹದಿನೈದು ದಿನಕ್ಕೊಮ್ಮೆ ಅಡಾಲಿಮುಮಾಬ್ ಚುಚ್ಚುಮದ್ದು. ಮೈಯಲ್ಲಿ ಅಡಗಿ ಕೂತ ಕ್ಷಯವನ್ನು ಅದು ಎಬ್ಬಿಸಬಹುದೆಂದು ಶುರುಮಾಡುವ ಮೊದಲೇ ಅದರ ಪರೀಕ್ಷೆಗಳಾದವು. ಬೆಲೆ ಸಂಬಳಕ್ಕೆ ಭಾರ. ಆದರೂ ಕರುಳು, ಸೊಂಟ ಎರಡೂ ಆ ಒಂದೇ ಮದ್ದಿಗೆ ಮಣಿದಿವೆ. ಉದ್ದ ಬಸ್ ಪ್ರಯಾಣ ಮುಗಿಸಿ ಇಳಿಯುವಾಗ ಸೊಂಟ ಈಗಲೂ ಹಿಡಿಯುತ್ತದೆ. ಹೊಟ್ಟೆಯ ಡಾಕ್ಟರು, ಕೀಲಿನ ಡಾಕ್ಟರು ಇಬ್ಬರೂ ನನ್ನ ಒಂದೇ ಫೈಲಿನಲ್ಲಿ ಬರೆಯುತ್ತಾರೆ; ಯಾವ ಮಾತ್ರೆ ಬದಲಾದರೂ ಇನ್ನೊಬ್ಬರಿಗೆ ತೋರಿಸದೆ ನಾನು ನುಂಗುವುದಿಲ್ಲ.