ಹಕ್ಕಿಗಳ ಮೇಲೆ ಗುಮಾನಿ

ನಮ್ಮ ಹಾಸ್ಟೆಲಿನಲ್ಲಿ ಭಾನುವಾರ ರಾತ್ರಿ ಊಟವಾದ ಮೇಲೆ ಒಂದು ಆಟವಿದೆ. ಆ ವಾರ ಓದಿದ್ದರಲ್ಲಿ ತೀರಾ ವಿಚಿತ್ರ ಅನ್ನಿಸಿದ್ದನ್ನು ಒಬ್ಬೊಬ್ಬರೂ ಹೇಳಬೇಕು. ಯಾರ ಕತೆಗೆ ಎಲ್ಲರೂ ಬಾಯಿ ಬಿಟ್ಟು ಕೂರುತ್ತಾರೋ ಅವರ ಚಹಾದ ದುಡ್ಡನ್ನು ಉಳಿದವರು ಕೊಡಬೇಕು. ವಿಜ್ಞಾನದವರೇ ಗೆಲ್ಲುವುದು ಹೆಚ್ಚು. ನಾನು ಇತಿಹಾಸದ ವಿದ್ಯಾರ್ಥಿ. ಹೋದ ವರ್ಷ ಜನವರಿಯಲ್ಲಿ ಒಮ್ಮೆ ನಾನೂ ಗೆದ್ದೆ. ಗೆಲ್ಲಿಸಿದ ಕತೆ ಇದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರುಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬುದು ಅವರ ಮೊದಲ ಭಯ. ಆದರೆ ಸಿಕ್ಕಿದ್ದು ಬೇರೆಯೇ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಿದುಳು ಜ್ವರದ ನೆಂಟ ಅದು. ಅಷ್ಟು ದೂರದ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಹಕ್ಕಿಗಳ ಮೇಲೆ ಗುಮಾನಿ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡತೊಡಗಿದರು. ಮುಂದೆ ಈ ಕೆಲಸಕ್ಕೆ ಅಮೆರಿಕದ ಸೇನೆಯ ಸಮೀಕ್ಷೆಯೊಂದರ ಹಣವೂ ಬಂತು. 1970ರ ದಶಕದಲ್ಲಿ ಅದು ಬಯಲಾದಾಗ ದೊಡ್ಡ ಗುಲ್ಲೆದ್ದಿತು. ಹಕ್ಕಿಗಳಿಂದ ರೋಗ ಹಬ್ಬಿಸುವ ಯುದ್ಧದ ತಾಲೀಮೇ ಇದು ಎಂಬ ಪ್ರಶ್ನೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ಕೊನೆಗೂ ಹಕ್ಕಿಗಳೇ ಈ ವೈರಸ್ ತಂದವು ಎನ್ನಲು ಪುರಾವೆ ಸಿಗಲಿಲ್ಲ. ವಲಸೆ ಹಕ್ಕಿಗಳ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ಸಂಗತಿ ಮಾತ್ರ ಆ ಉಂಗುರಗಳಿಂದಲೇ ಸಿಕ್ಕಿತು.

ಎಲ್ಲರೂ ಬಾಯಿ ಬಿಟ್ಟರು. ನಾನು ಚಹಾ ಕುಡಿದೆ.

ಎರಡು ದಿನ ಬಿಟ್ಟು ಅಮ್ಮನ ಫೋನು ಬಂತು. ನಮ್ಮದು ಸಾಗರದ ಕಡೆ. ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆಯಂತೆ, ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕನಿಗೆ ಐದು ದಿನದಿಂದ ಜ್ವರ ಬಿಟ್ಟಿಲ್ಲವಂತೆ ಎಂದಳು. ಕಾಯಿಲೆಯ ಹೆಸರನ್ನು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. 2019ರಲ್ಲಿ ಅರಳಗೋಡಿನ ಸುತ್ತ ಸಾವುಗಳಾದ ಮೇಲೆ ನಮ್ಮ ಕಡೆ ಜನವರಿಯ ಜ್ವರಕ್ಕೆ ಬೇರೆ ಹೆಸರು ಬೇಕಿಲ್ಲ.

ಇಲ್ಲಿ ಸೊಪ್ಪಿನ ಬೆಟ್ಟದ ಬಗ್ಗೆ ಹೇಳಬೇಕು. ಅಡಿಕೆ ತೋಟಕ್ಕೆ ಬೇಕಾದ ಸೊಪ್ಪು, ದರಕು ತರಲೆಂದು ತೋಟದವರಿಗೆ ಬಿಟ್ಟುಕೊಟ್ಟ ಕಾಡು ಅದು. ಈ ಹಕ್ಕಿಗಾಗಿ ಬ್ರಿಟಿಷರ ಕಾಲದ ಅರಣ್ಯ ಇಲಾಖೆಯೊಂದಿಗೆ ತೋಟಿಗರು ನಡೆಸಿದ ಜಗಳವೇ ನನ್ನ ಪಿಎಚ್‌ಡಿಯ ವಿಷಯ. ಆ ಕಡತಗಳಲ್ಲಿ ದರಕು ಎಂಬುದು ಒಂದು ಹಕ್ಕು. ಬೆಟ್ಟದಲ್ಲಿ ಅದು ಗುಡಿಸಬೇಕಾದ ಒಣಗಿದ ಎಲೆ. ಮಳೆಗಾಲ ಕಳೆದು ಎಲೆ ಉದುರಿ ಒಣಗುವ ಹೊತ್ತಿಗೇ ಮರಿ ಉಣುಗುಗಳು ಹೆಚ್ಚಾಗುತ್ತವೆ. ಕಣ್ಣಿಗೆ ಬೀಳದಷ್ಟು ಸಣ್ಣ ಇರುತ್ತವೆ. ವೈರಸ್ಸಿನಿಂದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದವು ಉದುರಿ ಅದೇ ಎಲೆಗಳಲ್ಲಿ ಕಾಯುತ್ತವೆ. ಗುಡಿಸುವವರ ಕೈ ಹೋಗುವುದೂ ಅಲ್ಲಿಗೇ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಆ ಕೈ ಅಕ್ಕನದು. ನನ್ನ ಓದಿನ ಫೀಸು ಬಂದದ್ದು ಆ ತೋಟದಿಂದ.

ಅಕ್ಕ ಬದುಕಿದಳು. ಈ ರೋಗಕ್ಕೆಂದೇ ಮದ್ದಿಲ್ಲ. ನೀರು, ಆರೈಕೆ, ರಕ್ತಸ್ರಾವ ಆಗದಂತೆ ಕಾವಲು, ಅಷ್ಟೇ. ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ ಎಂದು ಪುಸ್ತಕ ಹೇಳುತ್ತದೆ. ಉಳಿದವರ ಸಾಲಿನಲ್ಲಿದ್ದ ಅಕ್ಕ ಯುಗಾದಿಯ ಹೊತ್ತಿಗೆ ಜಗಲಿಯ ಕಂಬ ಹಿಡಿದು ಏಳುತ್ತಿದ್ದಳು.

ಊರಿಗೆ ಹೋದಾಗ ನೋಡಲು ಹೋದೆ. ಅವಳು ಕೇಳಿದ್ದು ಒಂದೇ. "ನೀ ಇದನ್ನೆಲ್ಲ ಓದ್ತೀಯಲ್ಲ, ಇಂಜೆಕ್ಷನ್ ಯಾಕೆ ನಿಲ್ಸಿದ್ರು?"

ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ತಿಂಗಳ ಅಂತರದಲ್ಲಿ ಎರಡು ಡೋಸು, ಕೆಲವು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷ ವರ್ಷ ಮತ್ತೊಂದು. ಅಷ್ಟಾದರೂ ರಕ್ಷಣೆ ಸಾಲದೆಂದು ಗೊತ್ತಾಗಿತ್ತು. ಹೊಸದರ ಕೆಲಸ ನಡೆದಿದೆ. ಇದನ್ನೇ ಹೇಳಿದೆ. ಅವಳು ಎರಡು ಡೋಸು ತೆಗೆದುಕೊಂಡಿದ್ದಳಂತೆ. ಮೂರನೆಯದಕ್ಕೆ ಹೋಗಲಿಲ್ಲ. ಚುಚ್ಚಿದ ಕೈ ಎರಡು ದಿನ ಏಳುತ್ತಿರಲಿಲ್ಲ, ಎರಡು ದಿನದ ಕೂಲಿ ಹೋಗುತ್ತಿತ್ತು. ಇಲಾಖೆಯವರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಂಡೇ ಹೋಗಿದ್ದಳು. ಬೆವರಿಗೆ ಅದು ಎಷ್ಟು ಹೊತ್ತು ನಿಲ್ಲುತ್ತದೆ?

ಮಾತು ಮುಂದುವರಿಸಲು ಬೇರೇನೂ ತೋಚದೆ ಹಕ್ಕಿಯ ಕತೆ ಹೇಳಿದೆ. ಅಕ್ಕ ಗಮನವಿಟ್ಟು ಕೇಳಿದಳು. ಉಂಗುರದ ವಿಷಯಕ್ಕೆ ನಕ್ಕಳು. ಆಮೇಲೆ, "ಹಕ್ಕಿ ಯಾಕೆ ತರ್ಬೇಕು? ಬೆಟ್ಟಕ್ಕೆ ಬಿಟ್ಟ ದನದ ಮೈಮೇಲೆ ರಾಶಿ ಉಣುಗು ಇರ್ತದಲ್ಲ," ಎಂದಳು.

ತಜ್ಞರೂ ಹೆಚ್ಚುಕಡಿಮೆ ಅದನ್ನೇ ಬರೆದಿದ್ದಾರೆ. ಕಾಡು ಕಡಿದು, ಅಂಚಿನಲ್ಲಿ ಗದ್ದೆ ಮಾಡಿ, ಉಳಿದ ಕಾಡಿಗೆ ದನ ಬಿಟ್ಟಾಗ ಬೆಳೆದ ಉಣುಗುಗಳಿಗೆ ಹೊಟ್ಟೆ ತುಂಬ ರಕ್ತ ಸಿಕ್ಕಿತು, ಸಂತತಿ ಹೆಚ್ಚಿತು. ನಾನು ಅದನ್ನು ಓದಿದ್ದೆ. ಆದರೆ ಭಾನುವಾರ ಹೇಳಿರಲಿಲ್ಲ. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ.

ರೋಗಗಳಿಗೆ ಊರಿನ ಹೆಸರು, ಪ್ರಾಣಿಯ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಮ್ಮ ಕಾಯಿಲೆಗೆ ಎರಡೂ ಇವೆ, ಇಂಗ್ಲಿಷಿನಲ್ಲಿ ಕ್ಯಾಸನೂರಿನದು, ಕನ್ನಡದಲ್ಲಿ ಮಂಗನದು. ಇಬ್ಬರೂ ಅದರಿಂದ ಸತ್ತವರೇ. ಅಡಿಕೆಯ ಹೆಸರನ್ನು ಯಾರೂ ಇಡಲಿಲ್ಲ.

ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದಳು. "ಮುಂದಿನ ಸಲ ನಿಮ್ಮನೆ ದರಕು ಯಾರು ಗುಡಿಸ್ತಾರೆ?" ಎಂದಳು. ಅದು ಕೊಂಕೋ, ತನ್ನ ಕೆಲಸ ಹೋದೀತೆಂಬ ಆತಂಕವೋ ತಿಳಿಯಲಿಲ್ಲ. ನೋಡೋಣ ಅಂದೆ. ಡಿಸೆಂಬರಿನಲ್ಲಿ ಅಪ್ಪ ಫೋನು ಮಾಡಿ, ಆಚೆ ಊರಿನಿಂದ ಇಬ್ಬರು ಹೆಂಗಸರು ಸಿಕ್ಕಿದ್ದಾರೆ ಎಂದರು. ಎಣ್ಣೆ ಕೊಡಿ, ಮಂಗ ಸತ್ತಿದ್ದರೆ ಆ ಕಡೆ ಕಳಿಸಬೇಡಿ ಎಂದೆ. ಅವರ ಹೆಸರು ಕೇಳಲಿಲ್ಲ ಎಂದು ಫೋನಿಟ್ಟ ಮೇಲೆ ಹೊಳೆಯಿತು.

ಈಚೆಗೆ ಹಾಸ್ಟೆಲಿಗೆ ಬಂದ ಹೊಸ ಹುಡುಗನಿಗೆ ಆ ಹಕ್ಕಿ ಕತೆ ಹೇಳು ಎಂದು ಗೆಳೆಯರು ಒತ್ತಾಯಿಸಿದರು. ಹೇಳಿದೆ. ಈ ಸಲ ದನ, ದರಕು, ಎರಡು ದಿನದ ಕೂಲಿ ಎಲ್ಲವನ್ನೂ ಸೇರಿಸಿದೆ. ಕತೆ ಉದ್ದವಾಯಿತು, ಯಾರೂ ಬಾಯಿ ಬಿಡಲಿಲ್ಲ. ಹುಡುಗ ಮಾತ್ರ, "ಆಮೇಲೆ ಅವರಿಗೆ ಕೆಲಸ ಸಿಕ್ತಾ?" ಎಂದು ಕೇಳಿದ.

ಅವತ್ತಿನ ಚಹಾಕ್ಕೆ ನಾನೂ ದುಡ್ಡು ಕೊಟ್ಟೆ.