ಹೊಕ್ಕುಳಬಳ್ಳಿ ಕೊಯ್ದ ಕೈ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ನಮ್ಮ ಹಳ್ಳಿಗಳಲ್ಲಿ ಈಗ ಹೆರಿಗೆ ನೋವು ಶುರುವಾದರೆ 108ಕ್ಕೆ ಫೋನ್ ಹೋಗುತ್ತದೆ. ಆಶಾ ಕಾರ್ಯಕರ್ತೆ ಜೊತೆಗೆ ಬರುತ್ತಾರೆ, ಆಸ್ಪತ್ರೆಯಲ್ಲಿ ನರ್ಸಮ್ಮ ಇರುತ್ತಾರೆ. ನಮ್ಮ ಅಜ್ಜಿಯರ ಕಾಲಕ್ಕೆ ಈ ಮೂರೂ ಕೆಲಸಕ್ಕೆ ಇದ್ದವಳು ಸೂಲಗಿತ್ತಿ ಒಬ್ಬಳೇ.

ಅಂಥವರಲ್ಲಿ ನಾಡಿಗೆಲ್ಲ ಗೊತ್ತಾದವರು ಸೂಲಗಿತ್ತಿ ನರಸಮ್ಮ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಹುಟ್ಟಿದ್ದು 1920ರಲ್ಲಿ. ಓದು ಬರಹ ಇರಲಿಲ್ಲ, ಹೆರಿಗೆ ಮಾಡಿಸುವುದನ್ನು ಅಜ್ಜಿಯಿಂದ ಕಲಿತರು. 12 ಮಕ್ಕಳನ್ನು ಹೆತ್ತರು, ಅವರಲ್ಲಿ ನಾಲ್ವರನ್ನು ಕಳೆದುಕೊಂಡರು. ಆದರೂ ಪರರ ಮನೆಯ ಕೂಸುಗಳಿಗಾಗಿ ಎಪ್ಪತ್ತು ವರ್ಷ ದುಡಿದರು. ಮಾಡಿಸಿದ ಹೆರಿಗೆ 15,000ಕ್ಕೂ ಹೆಚ್ಚು. ಯಾರ ಹತ್ತಿರವೂ ಹಣ ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ, ಮೊಮ್ಮಕ್ಕಳನ್ನು ಕಂಡ ಆ ಜೀವ ಹೋಯಿತು.

ಮನೆಯಲ್ಲೇ ಹೆರಿಗೆ ಮಾಡಿಸಿ ಅಂತ ನಾವು ಹೇಳುತ್ತಿಲ್ಲ. ಕೂಸು ಅಡ್ಡ ತಿರುಗಿದರೆ, ರಕ್ತ ನಿಲ್ಲದಿದ್ದರೆ ಆಸ್ಪತ್ರೆಯೇ ಬೇಕು. ಆದರೆ ನರಸಮ್ಮನವರ ಹೆಸರು ಉಳಿಯಿತು. ನಮ್ಮೂರುಗಳಲ್ಲಿ ಕತ್ತಲಲ್ಲಿ ಕಂದೀಲು ಹಿಡಿದು ಹೋದ ಸೂಲಗಿತ್ತಿಯರ ಹೆಸರು ಯಾವ ದಾಖಲೆಯಲ್ಲಿದೆ? ಅವರನ್ನು ಕಂಡವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಅದಕ್ಕೆ ಒಂದು ಮಾತು. ಇವತ್ತು ರಾತ್ರಿ ಊಟ ಆದಮೇಲೆ ಮನೆಯ ಹಿರಿಯರನ್ನು ಕೇಳಿ: ಅಪ್ಪನ, ಅವ್ವನ ಹೊಕ್ಕುಳಬಳ್ಳಿ ಕೊಯ್ದವರು ಯಾರು? ಅವರು ಹೇಳಿದ್ದನ್ನು ಕೈಯಲ್ಲಿರುವ ಇದೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ತಾಯಿ ಇನ್ನೂ ಇದ್ದರೆ, ನಾಳೆ ಅವರ ಮನೆಗೆ ಹೋಗಿ ಬನ್ನಿ.